ಪ್ರೋಟಾನ್‌ಗೂ ಸಾವಿದೆಯೇ?

ಮಹಾಸ್ಫೋಟಕ್ಕೆ ಮುಂಚೆ ಏನಿತ್ತು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಆ ಪ್ರಶ್ನೆಯ ರುಚಿ ಅಷ್ಟಾಗಿ ಹತ್ತಲಿಲ್ಲ. ಯಾರು ಏನು ಹೇಳಿದರೂ ಒರೆಗೆ ಹಚ್ಚಿ ನೋಡಲು ಸದ್ಯಕ್ಕೆ ದಾರಿಯಿಲ್ಲ. ಅದಕ್ಕಿಂತ ನನಗೆ ಪ್ರಿಯವಾದದ್ದು ಇನ್ನೊಂದು: ಪ್ರೋಟಾನ್ ಸಾಯುತ್ತದೆಯೇ? ನಮ್ಮ ಮೈಯಿಂದ ಹಿಡಿದು ನಕ್ಷತ್ರಗಳವರೆಗೆ ಎಲ್ಲದರ ಆಯುಸ್ಸೂ ಕೊನೆಗೆ ಇದರ ಮೇಲೇ ನಿಂತಿದೆ. ಜೊತೆಗೆ ಇದನ್ನು ಉಪಕರಣ ಕಟ್ಟಿ ಕೇಳಬಹುದು. ಹಾಗೆ ಮೊದಮೊದಲು ಕೇಳಿದ ಜಾಗಗಳಲ್ಲಿ ಕೆಜಿಎಫ್ ಒಂದು. (ಸಿನಿಮಾ ಅಲ್ಲ, ಕೋಲಾರದ ಚಿನ್ನದ ಗಣಿ.)

1974ರಲ್ಲಿ ಹೋವರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೋ ಒಂದು ಏಕೀಕರಣ ಸಿದ್ಧಾಂತ ಮಂಡಿಸಿದರು. ವಿದ್ಯುತ್ಕಾಂತ ಬಲ, ಪ್ರಬಲ ಬಲ, ದುರ್ಬಲ ಬಲ ಮೂರೂ ಮೂಲದಲ್ಲಿ ಒಂದೇ ಎಂಬುದು ಅದರ ವಾದ. ಅದು ನಿಜವಾದರೆ ಪ್ರೋಟಾನ್ ಎಂದಾದರೊಂದು ದಿನ ಪಾಸಿಟ್ರಾನ್, ಪಯಾನ್‌ಗಳಾಗಿ ಒಡೆಯಲೇಬೇಕು. ಸರಾಸರಿ ಆಯುಸ್ಸು ಮಾತ್ರ 1ರ ಮುಂದೆ 30 ಸೊನ್ನೆ ಬರೆದಷ್ಟು ವರ್ಷಗಳ ಆಸುಪಾಸು! ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ. ಕಾಯುವವರು ಯಾರು?

ಕಾಯಬೇಕಿಲ್ಲ. ಒಬ್ಬನ ಸಾವಿಗಾಗಿ ಕೂತಿರುವ ಬದಲು ಇಡೀ ಊರಿನ ಮರಣ ರಿಜಿಸ್ಟರ್ ತೆರೆದರೆ ಆಯಿತು. 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಸುಮಾರು 8ರ ಮುಂದೆ 31 ಸೊನ್ನೆಯಷ್ಟು ಕಣಗಳಿರುತ್ತವೆ. ಆಯುಸ್ಸು 31 ಸೊನ್ನೆಯದು ಎಂದುಕೊಂಡರೂ ವರ್ಷಕ್ಕೆ ಏಳೆಂಟು ಸಾವು ಕಾಣಬೇಕು. 1980ರ ಹೊತ್ತಿಗೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನೀ ವಿಜ್ಞಾನಿಗಳ ಜೊತೆ ಸೇರಿ ಕೋಲಾರದ ಗಣಿಯಲ್ಲಿ 2.3 ಕಿ.ಮೀ. ಆಳದಲ್ಲಿ ಅಷ್ಟೇ ತೂಕದ ಪತ್ತೆಯಂತ್ರ ನಿಲ್ಲಿಸಿದರು. ಅಷ್ಟು ಆಳ ಏಕೆಂದರೆ, ಮೇಲಿನಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳನ್ನು ಬಂಡೆ ತಡೆಯಲಿ ಎಂದು. ಯಾವ ಆಳದಲ್ಲಿ ಎಷ್ಟು ಮ್ಯೂಯಾನ್ ಉಳಿಯುತ್ತದೆ ಎಂಬ ಲೆಕ್ಕ ಇದೇ ಗಣಿಯಲ್ಲಿ ಆಗಿತ್ತು. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣ ಹಿಡಿದು ಕೆಳಗಿಳಿದಿದ್ದರು.

ಕೆಲವೇ ತಿಂಗಳುಗಳಲ್ಲಿ ಪ್ರೋಟಾನ್ ಸತ್ತಂತೆ ಕಾಣುವ ಘಟನೆಗಳು ಸಿಕ್ಕವು. ಜಗತ್ತು ಕಿವಿ ನಿಮಿರಿಸಿತು. ಆದರೆ ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ, ಜಪಾನಿನ ಕಾಮಿಯೋಕದಲ್ಲಿ ಸಾವಿರಾರು ಟನ್ ನೀರು ತುಂಬಿಕೊಂಡು ಕೂತ ಯಂತ್ರಗಳಿಗೆ ಏನೂ ಕಾಣಲಿಲ್ಲ.

ತೊಡಕು ಇದ್ದದ್ದು ನ್ಯೂಟ್ರಿನೋ ಎಂಬ ಕಣದಲ್ಲಿ. ಎಷ್ಟು ಆಳದ ಬಂಡೆಯೂ ಅದನ್ನು ತಡೆಯದು. ಯಂತ್ರದೊಳಗೆ ಅಪರೂಪಕ್ಕೊಮ್ಮೆ ಡಿಕ್ಕಿ ಹೊಡೆದರೆ ಪ್ರೋಟಾನ್ ಸತ್ತ ಗುರುತನ್ನೇ ಹೋಲುವ ಗುರುತು ಬಿಡುತ್ತದೆ. ವಾತಾವರಣದಲ್ಲಿ ಹುಟ್ಟುವ ಈ ನ್ಯೂಟ್ರಿನೋಗಳನ್ನು ಮೊಟ್ಟಮೊದಲು ಹಿಡಿದ ಜಾಗಗಳಲ್ಲೂ ಕೆಜಿಎಫ್ ಇತ್ತು. 1965ರಲ್ಲಿ ಅದರ ಚಾಂಪಿಯನ್ ರೀಫ್ ಗಣಿಯಲ್ಲಿ. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿದ್ದ ಫ್ರೆಡರಿಕ್ ರೈನಿಸ್ ತಂಡಕ್ಕೂ ಅದೇ ವರ್ಷ ಸಿಕ್ಕಿತು. ಪ್ರೋಟಾನ್ ಹುಡುಕುವವರು ಈ ನ್ಯೂಟ್ರಿನೋಗಳನ್ನು ಕಸವೆಂದು ಬದಿಗೆ ಸರಿಸಬೇಕಿತ್ತು. ಕಾಮಿಯೋಕದ ತಕಾಕಿ ಕಾಜಿತ ಆ ಕಸವನ್ನೇ ಕೆದಕಿದರು. ಅಲ್ಲಿ ಮ್ಯೂಯಾನ್ ಬಗೆಯ ನ್ಯೂಟ್ರಿನೋಗಳು ಇರಬೇಕಾದಷ್ಟು ಇರಲಿಲ್ಲ. 1998ರಲ್ಲಿ ಅಲ್ಲಿನ ಸೂಪರ್-ಕಾಮಿಯೋಕಾಂಡೆ ಯಂತ್ರ ಕಾರಣ ಹೇಳಿತು: ನ್ಯೂಟ್ರಿನೋ ದಾರಿಯಲ್ಲೇ ಬಗೆ ಬದಲಿಸುತ್ತದೆ, ಅಂದರೆ ಅದಕ್ಕೆ ದ್ರವ್ಯರಾಶಿಯಿದೆ. 2015ರ ನೊಬೆಲ್ ಬಂದದ್ದು ಇದಕ್ಕೇ. ಭೌತವಿಜ್ಞಾನದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಕಥೆ ಬೇರೆಯಿಲ್ಲ.

ಪ್ರೋಟಾನ್ ಮಾತ್ರ ಬಾಯಿ ಬಿಟ್ಟಿಲ್ಲ. ಮೊದಲು ಹೇಳಿದ ರೀತಿಯಲ್ಲಿ ಒಡೆಯುವುದಾದರೆ ಅದರ ಆಯುಸ್ಸು 34 ಸೊನ್ನೆಗೂ ಆಚೆ ಎಂದು ಸೂಪರ್-ಕಾಮಿಯೋಕಾಂಡೆ ಹೇಳುತ್ತದೆ. ಜಾರ್ಜೈ-ಗ್ಲಾಶೋ ಸಿದ್ಧಾಂತ ತನ್ನ ಸರಳ ರೂಪದಲ್ಲಿ ಬಿದ್ದುಹೋಯಿತು. ಪ್ರಶ್ನೆ ಬೀಳಲಿಲ್ಲ. ಏಕೆಂದರೆ ವಿಶ್ವದಲ್ಲಿ ಪ್ರತಿದ್ರವ್ಯ ಅಳಿದು ದ್ರವ್ಯವಷ್ಟೇ ಉಳಿಯಬೇಕಾದರೆ ಪ್ರೋಟಾನಿನಂಥ ಕಣಗಳ ಲೆಕ್ಕ ಎಲ್ಲೋ ತಪ್ಪಲೇಬೇಕು ಎಂದು ಆಂದ್ರೇ ಸಖರೋವ್ 1967ರಲ್ಲೇ ತೋರಿಸಿದ್ದರು. ಕೋಲಾರದ ಪ್ರಯೋಗ 1992ರಲ್ಲಿ ನಿಂತಿತು, ಗಣಿ 2001ರಲ್ಲಿ ಮುಚ್ಚಿತು. ಜಪಾನಿನಲ್ಲಿ ಈಗ ಎರಡೂವರೆ ಲಕ್ಷ ಟನ್ನಿಗೂ ಮಿಕ್ಕಿ ನೀರು ಹಿಡಿಯುವ ಹೈಪರ್-ಕಾಮಿಯೋಕಾಂಡೆ ಏಳುತ್ತಿದೆ.