ಹೊಳಪಿನ ಹಿಂದಿನ ವಾಷರ್

ಹಳೇ ಪಂಪ್ ಏರ್‌ಗನ್ ರಿಪೇರಿ ವಿಡಿಯೋಗಳನ್ನು ವೀಕೆಂಡ್ ಪೂರ್ತಿ ನೋಡಿದೆ. 1966ರಲ್ಲಿ ಬಂದ ಕ್ರಾಸ್‌ಮನ್ 760 ತುಕ್ಕು ಹಿಡಿದು ಬರುತ್ತೆ, ಹದಿನೈದೇ ನಿಮಿಷಕ್ಕೆ ಕನ್ನಡಿ ಥರ ಹೊಳೆಯುತ್ತೆ. ನನ್ನ ತಕರಾರು ಆ ಹೊಳಪಿನ ಮೇಲೇ. ಪಂಪ್ ಗನ್ನಿನ ಜೀವ ಇರೋದು ಗಾಳಿ ಹಿಡಿಯೋ ವಾಷರ್, ವಾಲ್ವ್‌ಗಳಲ್ಲಿ. ಅದನ್ನೇ ಇವರು ಫಾಸ್ಟ್ ಫಾರ್ವರ್ಡ್ ಮಾಡ್ತಾರೆ. ಉಜ್ಜಿ ಉಜ್ಜಿ ಮೂಲ ಬಣ್ಣ ತೆಗೆದರೆ ತುಕ್ಕು ಇನ್ನೂ ಬೇಗ ಬರುತ್ತೆ.

ಅರಕಲಗೂಡಿನ ಕಡೆ ನಮ್ಮನೇಲೂ ಒಂದು ಏರ್‌ಗನ್ ಇತ್ತು, ನಳಿಗೆ ಬಗ್ಗಿಸಿ ಲೋಡ್ ಮಾಡೋ ಸ್ಪ್ರಿಂಗ್‌ನದು. ಮುಸುಕಿನ ಜೋಳಕ್ಕೆ ಬರೋ ಕೋತಿ ಬೆದರಿಸೋಕೆ ತಂದಿದ್ದು. ತಾತ ಸ್ಟೋವ್ ಪಂಪಿಗೆ ಹಾಕೋ ಹಾಗೇ ಅದರ ಚರ್ಮದ ವಾಷರ್‌ಗೂ ಎಣ್ಣೆ ಕುಡಿಸ್ತಿದ್ದರು. ನಾನೊಮ್ಮೆ ಅದರಲ್ಲಿ ಗೊರವಂಕ ಹೊಡೆದೆ. ತಾತ ಬೈಯಲಿಲ್ಲ. ಮಧ್ಯಾಹ್ನ ಪೂರ್ತಿ ಕೂತು ಗನ್ ಬಿಚ್ಚಿ, ವಾಷರ್ ತೆಗೆದು ಜೇಬಿಗೆ ಹಾಕ್ಕೊಂಡರು. ಆವತ್ತಿಂದ ಅದು ಬರೀ ಕೋಲು.

ವಿಡಿಯೋಗಳ ಕೊನೆಗೆ ತಗಡಿನ ಡಬ್ಬಕ್ಕೆ ಗುರಿ ಇಡ್ತಾರೆ. ಈ ಗನ್ನು ಮೊದಲು ಯಾವುದಕ್ಕೆ ಗುರಿ ಇಟ್ಟಿತ್ತು ಅಂತ ಯಾರೂ ಕೇಳಲ್ಲ.

ಕಳೆದ ದೀಪಾವಳಿಗೆ ಅಟ್ಟದಿಂದ ನಮ್ಮದನ್ನು ಇಳಿಸಿದೆ. ಧೂಳು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ವಾಪಸ್ ಇಟ್ಟೆ. ಹೊಸ ವಾಷರ್ ಹಾಸನದಲ್ಲಿ ಸಿಗುತ್ತೋ ಏನೋ. ಹುಡುಕಲಿಲ್ಲ.