ಅಡುಗೆಮನೆಯಲ್ಲಿ ಹಲವು ಭಾಷೆ, ತರಗತಿಯಲ್ಲಿ ಒಂದು: 'ಲೋಬೆರ್ಜ್ ಎಸ್ಪಾನ್ಯೋಲ್' ಚಿತ್ರದ ಸಮಾಜಭಾಷಿಕ ಓದು

ಸೆಡ್ರಿಕ್ ಕ್ಲಾಪಿಶ್ ನಿರ್ದೇಶಿಸಿದ ಫ್ರೆಂಚ್ ಚಿತ್ರ 'ಲೋಬೆರ್ಜ್ ಎಸ್ಪಾನ್ಯೋಲ್' (2002) ಬಹುಭಾಷಿಕ ಬದುಕಿನ ಸಂಭ್ರಮವೆಂದೇ ಹೆಸರಾಗಿದೆ. 1987ರಲ್ಲಿ ಆರಂಭವಾದ ಎರಾಸ್ಮಸ್ ವಿನಿಮಯ ಯೋಜನೆಯಡಿ ಬಾರ್ಸೆಲೋನಾಕ್ಕೆ ಓದಲು ಬರುವ ಪ್ಯಾರಿಸಿನ ಝಾವಿಯೇ, ಇಂಗ್ಲೆಂಡ್, ಜರ್ಮನಿ, ಇಟಲಿ, ಡೆನ್ಮಾರ್ಕ್ ಮತ್ತು ಸ್ಪೇನಿನ ಐವರಿರುವ ಬಾಡಿಗೆ ಫ್ಲಾಟನ್ನು ಸೇರುತ್ತಾನೆ. ಬೆಲ್ಜಿಯಮ್ಮಿನ ಇಸಬೆಲ್ ಅನಂತರ ಬಂದು ಏಳನೆಯವಳಾಗುತ್ತಾಳೆ. ಶೀರ್ಷಿಕೆಯ ಪದಶಃ ಅರ್ಥ 'ಸ್ಪೇನಿನ ಛತ್ರ'. ಫ್ರೆಂಚ್ ನುಡಿಗಟ್ಟಿನಲ್ಲಿ ಅದು, ಹೋದವರು ಕಟ್ಟಿಕೊಂಡು ಬಂದ ಬುತ್ತಿಯಷ್ಟೇ ಸಿಗುವ ಜಾಗ. ಈ ಛತ್ರದಲ್ಲಿ ಊರಿನವರ ಭಾಷೆಗೆ ಎಷ್ಟು ಜಾಗವಿದೆ ಎಂಬುದು ನಮ್ಮ ಪ್ರಶ್ನೆ.

ಫ್ಲಾಟಿನ ಭಾಷಾವ್ಯವಹಾರವನ್ನು ಚಿತ್ರ ಸೊಗಸಾಗಿ ಗಮನಿಸಿದೆ. ಫೋನಿನ ಬಳಿ ಅಂಟಿಸಿದ ಹಾಳೆಯಲ್ಲಿ, ಕರೆ ಬಂದಾಗ ಹೇಳಬೇಕಾದ ವಾಕ್ಯಗಳು ಪ್ರತಿಯೊಬ್ಬರ ಭಾಷೆಯಲ್ಲೂ ಇವೆ. ಝಾವಿಯೇಯ ತಾಯಿ ಫೋನ್ ಮಾಡಿದಾಗ ಇಂಗ್ಲಿಷ್ ಹುಡುಗಿ ವೆಂಡಿ ಆ ಹಾಳೆಯನ್ನೇ ನಂಬಿ ಮಾತಾಡುತ್ತಾಳೆ. ಆದರೆ ಕಾಲೇಜನ್ನು ಸೂಚಿಸುವ ಫ್ರೆಂಚಿನ 'ಫಾಕ್' ಎಂಬ ಮೊಟಕು ಪದ ಅವಳ ಕಿವಿಗೆ ಇಂಗ್ಲಿಷಿನ ಬೈಗುಳವಾಗಿ ಕೇಳಿಸುತ್ತದೆ. ಧ್ವನಿಸಾಮ್ಯದಿಂದ ಹುಟ್ಟಿದ ಈ ನಗೆಯಲ್ಲಿ ಯಾರಿಗೂ ನೋವಿಲ್ಲ. ಅಡುಗೆಮನೆಯಲ್ಲಿ ಎಲ್ಲರೂ ಸಮಾನರು. ತಪ್ಪು ಮಾತಾಡಿದವರು ಕಳೆದುಕೊಳ್ಳುವುದು ಏನೂ ಇಲ್ಲ.

ತರಗತಿಯ ದೃಶ್ಯದಲ್ಲಿ ಈ ಸಮಾನತೆ ಮುರಿಯುತ್ತದೆ. ಪ್ರಾಧ್ಯಾಪಕರು ಕತಲಾನ್ ಭಾಷೆಯಲ್ಲಿ ಪಾಠ ಮಾಡುತ್ತಿದ್ದಾರೆ. ಪಾಠವನ್ನು ಸ್ಪ್ಯಾನಿಶಿನಲ್ಲಿ ಮಾಡಬಹುದೇ ಎಂದು ಇಸಬೆಲ್ ಕೇಳುತ್ತಾಳೆ. ಇಲ್ಲಿರುವ ಹೆಚ್ಚಿನವರು ಕತಲಾನರು, ಇಲ್ಲಿ ಕತಲಾನ್ ಅಧಿಕೃತ ಭಾಷೆ, ಸ್ಪ್ಯಾನಿಶ್ ಬೇಕಿದ್ದರೆ ಮ್ಯಾಡ್ರಿಡ್‌ಗೋ ದಕ್ಷಿಣ ಅಮೆರಿಕಕ್ಕೋ ಹೋಗಬಹುದು ಎಂದು ಅವರು ನಿರಾಕರಿಸುತ್ತಾರೆ. ವಿಮರ್ಶಕರು ಈ ದೃಶ್ಯದಲ್ಲಿ ಹಟವನ್ನು ಕಂಡಿರಬಹುದು. ನಾವು ಗಮನಿಸುವುದು ಬೇರೆ ಸಂಗತಿಯನ್ನು: ಆ ನಿರಾಕರಣೆ ಇರುವುದು ಸ್ಪ್ಯಾನಿಶಿನಲ್ಲಿ. ಹೊರಗಿನವರೊಡನೆ ಮಾತಾಡುವಾಗ ಕತಲಾನರು ತಾವಾಗಿಯೇ ಸ್ಪ್ಯಾನಿಶಿಗೆ ಹೊರಳುವ ರೂಢಿಯನ್ನು ಕ್ಯಾಥರಿನ್ ವುಲಾರ್ಡ್ 1989ರಲ್ಲಿ ಪ್ರಕಟವಾದ ತಮ್ಮ 'ಡಬಲ್ ಟಾಕ್' ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಪ್ರಾಧ್ಯಾಪಕರೂ ವ್ಯಕ್ತಿಯಾಗಿ ಹೊರಳಿದ್ದಾರೆ. ಸಂಸ್ಥೆಯ ಪರವಾಗಿ ಮಾತ್ರ ಹೊರಳಲು ಒಪ್ಪಿಲ್ಲ. ಫ್ರಾಂಕೋನ ಆಳ್ವಿಕೆಯಲ್ಲಿ (1939–1975) ಶಾಲೆ ಮತ್ತು ಆಡಳಿತದಿಂದ ಹೊರದಬ್ಬಿಸಿಕೊಂಡು, 1979ರ ಸ್ವಾಯತ್ತತಾ ಶಾಸನದಿಂದ ಅಧಿಕೃತ ಸ್ಥಾನ ಪಡೆದ ಭಾಷೆಯ ಬಗ್ಗೆ ಈ ಎಚ್ಚರ ಸಹಜವಾದುದು.

ಚಿತ್ರ ಈ ಇತಿಹಾಸದ ಗೋಜಿಗೆ ಹೋಗುವುದಿಲ್ಲ. ಮರುಕ್ಷಣವೇ ಚರ್ಚೆ ಹೋಟೆಲಿನ ಮೇಜಿಗೆ ಬರುತ್ತದೆ. ಯುರೋಪು ಒಂದಾಗುತ್ತಿರುವಾಗ ಒಂದು ಭಾಷೆಯನ್ನು ಹಿಡಿದು ಕೂರುವುದೇಕೆ ಎಂಬುದು ಇಸಬೆಲ್‌ಳ ಆಕ್ಷೇಪ. ಗ್ಯಾಂಬಿಯಾ ಮೂಲದ ಯುವಕನೊಬ್ಬ, ತನ್ನಲ್ಲಿ ಗ್ಯಾಂಬಿಯಾದವನೂ ಕತಲಾನನೂ ಇಬ್ಬರೂ ಇದ್ದಾರೆ, ಅದರಲ್ಲಿ ವಿರೋಧವೇನೂ ಇಲ್ಲ ಎನ್ನುತ್ತಾನೆ. ಇಡೀ ಚಿತ್ರದ ಅತ್ಯಂತ ಪ್ರೌಢವಾದ ಮಾತು ಇದು. ಆದರೆ ಅದನ್ನಾಡಿದವನಿಗೆ ಫ್ಲಾಟಿನಲ್ಲಿ ಕೋಣೆಯಿಲ್ಲ, ಕಥೆಯಲ್ಲಿ ಮುಂದಕ್ಕೆ ಪಾತ್ರವಿಲ್ಲ. ಊರಿನ ಭಾಷೆಯನ್ನು ಕಲಿತು ತನ್ನದಾಗಿಸಿಕೊಂಡ ವಲಸಿಗನನ್ನು ಬಿಟ್ಟು, ವರ್ಷ ಕಳೆದು ಮರಳುವ ಅತಿಥಿಯನ್ನು ಬಹುಭಾಷಿಕತೆಯ ಮಾದರಿಯಾಗಿಸಿದ್ದು ಚಿತ್ರದ ಮುಖ್ಯ ದೋಷವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಪ್ರಾಧ್ಯಾಪಕರ ತರ್ಕವನ್ನು ಎಲ್ಲೆಡೆಗೂ ಒಪ್ಪಬಹುದೇ? ಕನ್ನಡದ ಇನ್ನೊಂದು ಹಾಸ್ಯಚಿತ್ರವನ್ನು ಪಕ್ಕಕ್ಕಿಟ್ಟರೆ ತೊಡಕು ತಿಳಿಯುತ್ತದೆ. ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಚಿತ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಮಲಯಾಳಂ ಶಿಕ್ಷಕ ಬರುತ್ತಾನೆ. ಮಕ್ಕಳಿಗೆ ಗಣಿತ ಅರ್ಥವಾಗುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 'ಇಲ್ಲಿ ಅಧಿಕೃತ ಭಾಷೆ ಇದು, ನೀವೇ ಅರ್ಥಮಾಡಿಕೊಳ್ಳಿ' ಎಂಬ ಬಾರ್ಸೆಲೋನಾದ ವಾಕ್ಯವನ್ನು ಆ ಮಕ್ಕಳ ಮುಂದೆ ಹೇಳಿದರೆ ಅದು ಅನ್ಯಾಯ. ವಾಕ್ಯ ಒಂದೇ ಆದರೂ ಕೇಳುವವರ ಸ್ಥಿತಿ ಬೇರೆ. ಇಸಬೆಲ್ ತಾನೇ ಆರಿಸಿಕೊಂಡು ಬಂದವಳು, ವರ್ಷಾಂತ್ಯಕ್ಕೆ ಮರಳುವವಳು. ಕಾಸರಗೋಡಿನ ಮಕ್ಕಳು ಎಲ್ಲಿಂದಲೂ ಬಂದವರಲ್ಲ. ಆದ್ದರಿಂದ ತರಗತಿಯ ಭಾಷೆಯ ನ್ಯಾಯವನ್ನು ಬಹುಮತದಿಂದ ಅಥವಾ ಗಡಿರೇಖೆಯಿಂದ ಮಾತ್ರ ಅಳೆಯಲಾಗದು. ಆ ಭಾಷೆಯನ್ನು ಬಿಟ್ಟು ಬೇರೆಡೆ ಹೋಗುವ ಆಯ್ಕೆ ಯಾರಿಗಿದೆ, ಯಾರಿಗಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂಡಿಗೆರೆಯಲ್ಲಿ ಕುಳಿತು ಬರೆಯುವ ನಮಗೆ ಈ ಮಾನದಂಡ ದೂರದ ವಿಷಯವಲ್ಲ. ಇಲ್ಲಿನ ಕಾಫಿ ತೋಟಗಳ ಲೈನುಗಳಲ್ಲಿ ಕನ್ನಡ, ತುಳು, ತಮಿಳುಗಳ ಜೊತೆಗೆ ಈಗ ಅಸ್ಸಾಮಿ, ಬಂಗಾಳಿಗಳೂ ಕೇಳಿಸುತ್ತವೆ. ಕೊಯ್ಲಿನ ಸಂಜೆ ಹಣ್ಣಿನ ತೂಕ ಕೂಗುವ ಮೇಸ್ತ್ರಿ ಆಳಿಗೆ ತಕ್ಕಂತೆ ಭಾಷೆ ಬದಲಿಸುತ್ತಾನೆ. ಗೋಡೆಗೆ ಗೋಡೆ ತಾಗಿದ ಈ ಮನೆಗಳೂ ಒಂದು ಛತ್ರವೇ. ಆದರೆ ತೂಕದ ಅಂಕಿ ತಪ್ಪಾಗಿ ಕೇಳಿಸಿದರೆ ಇಲ್ಲಿ ಹೋಗುವುದು ಕೂಲಿ. ಈ ಲೈನಿನ ಮಗು ಇಸಬೆಲ್‌ಳಂತೆ ಅತಿಥಿಯೂ ಅಲ್ಲ, ಕಾಸರಗೋಡಿನ ಮಕ್ಕಳಂತೆ ನೆಲದ ಹಳೆಯ ಭಾಷಿಕನೂ ಅಲ್ಲ. ಅದಕ್ಕಾಗಿ ಶಾಲೆ ಕನ್ನಡವನ್ನು ಬಿಡಬೇಕಿಲ್ಲ. ಕನ್ನಡದೊಳಕ್ಕೆ ಬರಲು ಮೆಟ್ಟಿಲು ಕಟ್ಟಿಕೊಡಬೇಕು. ನಮ್ಮದೇ ತರಗತಿಯಲ್ಲಿ ಹೊರಗಿನವರೊಬ್ಬರು ಕಂಡೊಡನೆ ನಾವು ಇಂಗ್ಲಿಷಿಗೆ ಹೊರಳಿದ್ದುಂಟು. ಅದನ್ನು ಸೌಜನ್ಯವೆಂದುಕೊಂಡಿದ್ದೆವು. ಅದೇ ಗಳಿಗೆಯಲ್ಲಿ ಹಿಂದಿನ ಬೆಂಚಿನ ಕನ್ನಡದ ಹುಡುಗಿ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದ್ದನ್ನು ಗಮನಿಸಲು ನಮಗೆ ಹಲವು ವಾರಗಳೇ ಬೇಕಾದವು.

ಕ್ಲಾಪಿಶ್‌ರ ಪ್ರಾಧ್ಯಾಪಕರು ತರಗತಿಯ ಭಾಷೆಯನ್ನು ಉಳಿಸಿಕೊಂಡರು, ಆದರೆ ಇಸಬೆಲ್‌ಗೆ ಕತಲಾನ್ ಕಲಿಯುವ ದಾರಿ ತೋರಲಿಲ್ಲ. ನಾವು ದಾರಿ ತೋರುವ ಅವಸರದಲ್ಲಿ ತರಗತಿಯ ಭಾಷೆಯನ್ನೇ ಬಿಟ್ಟುಕೊಟ್ಟೆವು. ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಎರಡೂ ಚಿತ್ರಗಳನ್ನು ಒಟ್ಟಿಗೆ ತೋರಿಸಬೇಕೆಂದು ನಾವು ಶಿಫಾರಸು ಮಾಡುತ್ತೇವೆ. ಮೊದಲನೆಯದನ್ನು ಅದರ ಲವಲವಿಕೆಗಾಗಿಯೂ, ಎರಡನೆಯದನ್ನು ಮೊದಲನೆಯದು ಕೇಳದೆ ಬಿಟ್ಟ ಪ್ರಶ್ನೆಗಾಗಿಯೂ ನೋಡಬೇಕು.