ಬಿಳಿಯಲ್ಲಿದೆ ಮೊಟ್ಟೆಯ ಗುಟ್ಟು

ಮೊಟ್ಟೆ ಕೊಳ್ಳುವವರೆಲ್ಲ ಹಳದಿಯ ಬಣ್ಣಕ್ಕೆ ಮರುಳಾಗುತ್ತಾರೆ. ನನ್ನ ಕಣ್ಣು ಹೋಗುವುದು ಬಿಳಿಯ ಕಡೆಗೆ. ತಾಜಾ ಮೊಟ್ಟೆಯನ್ನು ತಟ್ಟೆಗೆ ಒಡೆದು ನೋಡಿ: ಹಳದಿಯ ಸುತ್ತ ಗಟ್ಟಿ ಬಿಳಿ ದಿಬ್ಬದಂತೆ ಎದ್ದಿರುತ್ತದೆ. ಹಳತಾದಷ್ಟೂ ಅದು ಕರಗಿ ನೀರಾಗಿ ಹರಡುತ್ತದೆ. ಆ ಎತ್ತರವನ್ನು ತೂಕದೊಂದಿಗೆ ಲೆಕ್ಕ ಹಾಕಿ ಅಂಕ ಕೊಡುವ ಕ್ರಮವನ್ನು 1937ರಲ್ಲಿ ರೇಮಂಡ್ ಹಾ ರೂಪಿಸಿದರು. ಇಂದಿಗೂ ಅದರ ಹೆಸರು ‘ಹಾ ಯೂನಿಟ್’.

ಈ ಬಿಳಿಗೂ ಮೇವಿನಲ್ಲಿರುವ ಸೆಲೆನಿಯಂ ಎಂಬ ಖನಿಜಾಂಶಕ್ಕೂ ನಂಟಿದೆ. ಅಮೆರಿಕದಲ್ಲಿ ಟನ್ ಮೇವಿಗೆ 0.3 ಗ್ರಾಂ ಮೀರಿ ಬೆರೆಸುವಂತಿಲ್ಲ. ದಿನಕ್ಕೆ 110 ಗ್ರಾಂ ತಿನ್ನುವ ಕೋಳಿಯ ಪಾಲಿಗೆ ಬರುವುದು 33 ಮೈಕ್ರೋಗ್ರಾಂ. ಇಷ್ಟು ಅಲ್ಪವನ್ನು ಸಮನಾಗಿ ಹಂಚಲೆಂದೇ ಮೊದಲು ಪ್ರಿಮಿಕ್ಸ್ ಎಂಬ ಪೂರ್ವಮಿಶ್ರಣ ಮಾಡಿ, ಆಮೇಲೆ ಮೆಕ್ಕೆಜೋಳ, ಸೋಯಾ ಹಿಂಡಿಯ ಜೊತೆ ಬೆರೆಸುತ್ತಾರೆ.

ಈ ಜಿಪುಣತನಕ್ಕೆ ಕಾರಣವಿದೆ. 1930ರ ದಶಕದಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಸೆಲೆನಿಯಂ ಹೆಚ್ಚಿದ್ದ ಧಾನ್ಯ ತಿಂದ ಕೋಳಿಗಳ ಮೊಟ್ಟೆಯೊಳಗೆ ಭ್ರೂಣಗಳು ವಿಕಾರಗೊಂಡು ಮರಿಯಾಗದೆ ಹೋಗುತ್ತಿದ್ದವು. 1957ರಲ್ಲಿ ಲೆಕ್ಕ ತಿರುಗಿತು: ಅದೇ ವಿಷ ತೀರಾ ಕಡಿಮೆಯಾದರೆ ಮರಿಗಳ ಚರ್ಮದಡಿ ನೀರು ತುಂಬುತ್ತದೆಂದು ಗೊತ್ತಾಯಿತು. ಜೀವಕೋಶವನ್ನು ಆಕ್ಸಿಡೀಕರಣದಿಂದ ಕಾಯುವ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಲ್ಲಿ ಸೆಲೆನಿಯಂ ಇದೆಯೆಂದು 1973ರಲ್ಲಿ ಸಾಬೀತಾಯಿತು.

ಎಷ್ಟು ಎಂಬುದರ ಜೊತೆಗೆ ಯಾವ ರೂಪ ಎಂಬುದನ್ನೂ ಕೇಳಬೇಕು. ಅಗ್ಗದ ಸೋಡಿಯಂ ಸೆಲೆನೈಟ್ ಕೋಳಿಯ ಅಗತ್ಯವನ್ನು ಪೂರೈಸುತ್ತದೆ, ಆದರೆ ಮೊಟ್ಟೆಗೆ ಇಳಿಯುವುದು ಕಡಿಮೆ. ಇಳಿದದ್ದೂ ಹೆಚ್ಚಾಗಿ ಹಳದಿಗೆ. ಸೆಲೆನಿಯಂ ಯೀಸ್ಟಿನಲ್ಲಿರುವ ಸೆಲೆನೋಮೆಥಿಯೋನಿನ್‌ನ ಆಟವೇ ಬೇರೆ. ಕೋಳಿಯ ದೇಹ ಅದನ್ನು ಮೆಥಿಯೋನಿನ್ ಎಂಬ ಅಮೈನೋ ಆಮ್ಲವೆಂದೇ ಭಾವಿಸಿ ಪ್ರೋಟೀನ್‌ನೊಳಗೆ ಸೇರಿಸುತ್ತದೆ. ಬಿಳಿ ಎಂದರೆ ನೀರು ಬಿಟ್ಟರೆ ಪ್ರೋಟೀನೇ ತಾನೆ! ಹಾಗಾಗಿ ಯೀಸ್ಟ್ ತಿಂದ ಕೋಳಿಯ ಮೊಟ್ಟೆಯಲ್ಲಿ ಬಿಳಿಗೂ ಒಳ್ಳೆಯ ಪಾಲು ಸಿಗುತ್ತದೆ. ಅಂಥ ಮೊಟ್ಟೆಗಳ ದಿಬ್ಬ ಸಂಗ್ರಹದಲ್ಲಿ ನಿಧಾನವಾಗಿ ಇಳಿದದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ.

ಅಂಗಡಿಯ ‘ಸೆಲೆನಿಯಂಯುಕ್ತ’ ಡಬ್ಬಿ ಹಿಡಿದಾಗ ಎರಡು ಸಂಗತಿ ಹುಡುಕಿ: ಒಂದು ಮೊಟ್ಟೆಯಲ್ಲಿ ಎಷ್ಟು ಮೈಕ್ರೋಗ್ರಾಂ, ಇಟ್ಟದ್ದು ಯಾವತ್ತು. ಬೇಸಿಗೆಯಲ್ಲಿ ವಾರಗಟ್ಟಲೆ ಹೊರಗೆ ಬಿದ್ದ ಮೊಟ್ಟೆಯ ಬಿಳಿಯನ್ನು ಯಾವ ಯೀಸ್ಟೂ ಎತ್ತಿ ನಿಲ್ಲಿಸದು. ದಿನಾಂಕವಿಲ್ಲದ ಡಬ್ಬಿಗೆ ನಾನಂತೂ ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ.